ಕರಡು ತಿದ್ದುವವನ ಸಹಿ

ಮೂವತ್ತೊಂದು ವರ್ಷ ಬೆಟಗೇರಿಯ ಈ ಪ್ರೆಸ್ಸಿನಲ್ಲಿ
ಅಲ್ಪಪ್ರಾಣ ಮಹಾಪ್ರಾಣ ನೋಡುತ್ತ ಕಣ್ಣು ಸವೆಸಿದವನು ನಾನು.
ಲಗ್ನಪತ್ರಿಕೆಯಲ್ಲಿ ಒಂದು ಒತ್ತು ಜಾರಿದರೂ
ನನ್ನ ಕೆಂಪು ಪೆನ್ನು ಅದರ ಕಿವಿ ಹಿಡಿದು ಎಳೆದು ತರುತ್ತಿತ್ತು.
ಹವಾಲ್ದಾರ ನೀಲಪ್ಪ ಹೊಂಬಳನ ಮಗಳ ಲಗ್ನದ ಕರಡಿನಲ್ಲಿ
'ಶುಭವಿವಾಹ'ದ ಭ ಬ ಆಗಿತ್ತು.
ತಿದ್ದಿ ಕೊಟ್ಟೆ. 'ಮಾನ ಉಳಿಸಿದ್ರಿ' ಅಂದ.

ಅದೇ ನೀಲಪ್ಪ, ಅದೇ ಟೇಬಲ್ಲು, ಒಂದು ಮಧ್ಯಾಹ್ನ:
'ಸರ, ಇಲ್ಲೊಂದು ಸಹಿ ಒಗೀರಿ. ಪಂಚರು ಸಿಗವಲ್ರು.'
ಮೂರು ಹಾಳೆ. ಕೊನೆಯದು ಅರ್ಧ ಖಾಲಿ.
ಬೆರಳಿಗೆ ಮಿರ್ಚಿಯ ಎಣ್ಣೆ. ಒರೆಸಿಕೊಂಡೆ,
ಕಾಗದ ಹೊಲಸಾಗಬಾರದೆಂದು.
ಓದಲಿಲ್ಲ.

ಹಿತ್ತಲ ಕೋಣೆಯಿಂದ ಹಳೆಯ ಅಚ್ಚುಮೊಳೆ ಕಳುವಾಗಿದ್ದವು,
ಆಫ್‌ಸೆಟ್ ಬಂದ ಮೇಲೆ ಯಾರೂ ಮುಟ್ಟದ ಸೀಸದ ಅಕ್ಷರ,
ಎರಡು ಗೋಣಿಚೀಲ.
'ಯಾರ ಮ್ಯಾಲಾದ್ರೂ ಸಂಶೇ?' ನೀಲಪ್ಪ ಕೇಳಿದಾಗ
ಮಾಲಕರು ಮಾಳಿಗೆ ನೋಡಿದರು.
ಹೆಸರು ಕೊಟ್ಟವನು ನಾನು:
ಯಮನೂರಿ. ಕಸ ಹೊಡೆಯುತ್ತಿದ್ದ ಹುಡುಗ,
ದೀಪಾವಳಿಗೆ ಬೋನಸ್ ಕೇಳಿ ಕೆಲಸ ಕಳಕೊಂಡವನು.
ಹೆಸರಿನ ಜೊತೆಗೊಂದು ಬಿಟ್ಟಿ ಸಲಹೆ:
'ಎರಡು ಬಿಡ್ರಿ, ತಾನ ಬಾಯಿ ಬಿಡತಾನ.'

ಸಂಜೆ ಚಹಾದಂಗಡಿಯಲ್ಲಿ ನಾವೆಲ್ಲ ಪೊಲೀಸರನ್ನು ಬೈದೆವು.
ಹೆಲ್ಮೆಟ್ಟಿನ ದಂಡ, ತಳ್ಳುಗಾಡಿಯ ಹಫ್ತೆ,
ಠಾಣೆಯ ಮೆಟ್ಟಿಲಲ್ಲಿ ಬಡವನಿಗೊಂದು ದನಿ, ಸಾಹುಕಾರಗೊಂದು.
'ಖಾಕಿಗೆ ಕರುಳಿಲ್ಲ' ಎಂದವನೂ ಬಹುಶಃ ನಾನೇ.
ಆಚೆ ಕಟ್ಟೆಯ ಮೇಲೆ ನೀಲಪ್ಪ
ಎರಡು ದಿನದ ಬಂದೋಬಸ್ತು ಮುಗಿಸಿ, ಬೂಟು ಬಿಚ್ಚಿ,
ಊದಿದ ಪಾದ ಗಾಳಿಗೆ ಹಿಡಿದು ಕೂತಿದ್ದ. ಕೇಳಿಸಿಕೊಂಡ.
ಅವನ ಚಹಾಕ್ಕೆ ಅಂಗಡಿಯವ ರೊಕ್ಕ ಕೇಳಲಿಲ್ಲ.
ಅವನೂ ಕೊಡಲಿಲ್ಲ.

ನಾಲ್ಕು ವರ್ಷದ ಮೇಲೆ ಸಮನ್ಸ್.
ಕೋರ್ಟಿನ ಬೇವಿನ ನೆರಳಿಗೆ ಕರೆದು ನೀಲಪ್ಪ ಅಂದ:
'ಕಾಗದದಾಗ ಇದ್ದಂಗ ಹೇಳ್ರಿ, ಸಾಕು.'
'ನಾ ಏನೂ ನೋಡೇ ಇಲ್ಲಲ್ರೀ.'
ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು.
'ಮ್ಯಾಲಿನವರಿಗೆ ತಿಂಗಳಾಖೇರಿ ಲೆಕ್ಕ ಬೇಕಿತ್ತು, ಮಾಡಿದೆ.
ಅದು ನನ್ನ ಕರ್ಮ, ನಾ ಉಣ್ಣತೀನಿ.
ಆದರ ಸರ, ಎರಡು ಬಿಡ್ರಿ ಅಂದಾವ್ರು ನೀವು.
ನಾ ನಾಲ್ಕು ಬಿಟ್ಟೆ.
ಮೊದಲಿನ ಎರಡು ಯಾರ ಖಾತೆಗೆ ಹಚ್ಚೂಣು?'

ಕಟಕಟೆಯಲ್ಲಿ ಹಾಳೆ ಕೈಗೆ ಕೊಟ್ಟರು.
ಮೊದಲ ಸಲ ಓದಿದೆ:
'ಆರೋಪಿಯು ಪಂಚರ ಸಮಕ್ಷಮ ಸ್ವಇಚ್ಚೆಯಿಂದ
ತೆಗೆದು ಹಾಜರುಪಡಿಸಿದ ಸೀಸ, ಹನ್ನೊಂದು ಕಿಲೋ.'
ಇಚ್ಛೆಯ ಮಹಾಪ್ರಾಣ ಹಾರಿಹೋಗಿತ್ತು.
ಸುಳ್ಳಿಗಿಂತ ಮೊದಲು ಕಾಗುಣಿತ ಕಂಡಿತು ನನಗೆ;
ಬಲಗೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

ಮೇಜಿನ ಮೇಲೆ ಅರಗಿನ ಮುದ್ರೆಯ ಚೀಲ.
ಒಳಗೆ ಬೋಳು ಗಟ್ಟಿ. ಒಂದು ಅ ಇಲ್ಲ, ಒಂದು ಳ ಇಲ್ಲ.
ಯಾವ ಗುಜರಿಯ ಸೀಸವೋ.

'ಸಹಿ ನಿಮ್ಮದೇನು?'
'ನಂದರೀ.'
'ಓದಿ ಹಾಕಿದಿರಾ?'
ನೀಲಪ್ಪ ಟೊಪ್ಪಿಗೆ ಮೊಣಕಾಲ ಮೇಲಿಟ್ಟು ನೆಲ ನೋಡುತ್ತಿದ್ದ.
'ಇಲ್ರೀ. ಓದಿಲ್ಲ. ನೋಡಿಲ್ಲ.
ಹುಡುಗನ ಹೆಸರು ಹೇಳಿದಾಂವ ಮಾತ್ರ ನಾನ.'
ಕೊನೆಯ ಮಾತು ಯಾರೂ ಕೇಳಿರಲಿಲ್ಲ.
ಬೆರಳಚ್ಚಿನವಳು ಅದನ್ನು ಬರೆದುಕೊಳ್ಳಲಿಲ್ಲ.

ಹೊರಗೆ ಅಂಗಳದ ನಳದಲ್ಲಿ ಯಮನೂರಿ ಮುಖ ತೊಳೆಯುತ್ತಿದ್ದ,
ಹನ್ನೊಂದು ತಿಂಗಳು ಒಳಗಿದ್ದು ಬಂದವನು.
ಎಡಗೈಯ ಎರಡು ಬೆರಳು ಮಡಚಲೊಲ್ಲವು.
ಬೊಗಸೆಯಲ್ಲಿ ನೀರು ನಿಲ್ಲಲಿಲ್ಲ.
ನನ್ನ ಕಡೆ ನೋಡದೆ, ನಳ ಹಾಗೇ ಬಿಟ್ಟು ಹೋದ.

ನಾನು ಹೋಗಿ ಬಂದ್ ಮಾಡಿದೆ.